ಸೂತ್ರದ ಅಕ್ಕಪಕ್ಕ: ಪಾಣಿನೀಯ ವ್ಯಾಕರಣದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ತೊಡಕು ಒಂದೇ: ಸೂತ್ರ ಬಾಯಿಗೆ ಬರುತ್ತದೆ, ಅರ್ಥ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಉತ್ತರಗಳಲ್ಲಿ ಬರುವ ಅಂಕಿಗಳನ್ನು ಪಾಣಿನಿಯ ಸೂತ್ರಗ್ರಂಥವಾದ ಅಷ್ಟಾಧ್ಯಾಯಿಯ ಅಧ್ಯಾಯ, ಪಾದ (ಅಧ್ಯಾಯದ ಕಾಲುಭಾಗ), ಸೂತ್ರ ಎಂಬ ಕ್ರಮದಲ್ಲಿ ಓದಿಕೊಳ್ಳಿ. 6.1.77 ಎಂದರೆ ಆರನೆಯ ಅಧ್ಯಾಯದ ಮೊದಲ ಪಾದದ 77ನೆಯ ಸೂತ್ರ.

ಪ್ರಶ್ನೆ: ಸರಳ ಸಂಸ್ಕೃತ ಓದಿದರೆ ಅರ್ಥವಾಗುತ್ತದೆ. ಈಗ ವ್ಯಾಕರಣವನ್ನು ಸೂತ್ರಸಹಿತ ಕಲಿಯಬೇಕೆಂಬ ಆಸೆ. ಲಘುಸಿದ್ಧಾಂತಕೌಮುದಿಯಿಂದ ತೊಡಗಲೇ, ಅಷ್ಟಾಧ್ಯಾಯಿಯ ಕ್ರಮದಲ್ಲೇ ಓದಲೇ?

ಉತ್ತರ: ಓದಲು ಕೌಮುದಿ ಹಿಡಿಯಿರಿ, ಬಾಯಿಪಾಠಕ್ಕೆ ಅಷ್ಟಾಧ್ಯಾಯಿ ಹಿಡಿಯಿರಿ. ಎರಡರಲ್ಲಿ ಒಂದನ್ನು ಬಿಟ್ಟವರು ಸಾಮಾನ್ಯವಾಗಿ ಅರ್ಧದಾರಿಯಲ್ಲಿ ನಿಲ್ಲುತ್ತಾರೆ.

ಕಾರಣ ಹೀಗಿದೆ. ಪಾಣಿನಿಯ ಸೂತ್ರಗಳನ್ನು ಆಯ್ದು ವಿವರಿಸುವ ವರದರಾಜರ ಲಘುಕೌಮುದಿಯಲ್ಲಿ ಇರುವುದು ಸುಮಾರು 1,270 ಸೂತ್ರ, ಅಂದರೆ ಒಟ್ಟಿನ ಮೂರನೇ ಒಂದು ಪಾಲಿಗಿಂತ ಕೊಂಚ ಕಡಿಮೆ. ಅವುಗಳನ್ನು ರೂಪಸಿದ್ಧಿಗೆ ಬೇಕಾದ ಕ್ರಮದಲ್ಲಿ ಜೋಡಿಸಿದ್ದಾರೆ. ಸಂಧಿ, ಸುಬಂತ (ನಾಮಪದ), ತಿಙಂತ (ಕ್ರಿಯಾಪದ) ಹೀಗೆ ಒಂದೊಂದೇ ಪ್ರಕರಣ ಮುಗಿಯುತ್ತ ಹೋಗುವುದರಿಂದ ಹೊಸಬರಿಗೆ ಬೇಗ ಫಲ ಕಾಣುತ್ತದೆ. ಆದರೆ ಪಾಣಿನಿ ಸೂತ್ರಗಳನ್ನು ಬರೆದದ್ದು ಆ ಕ್ರಮಕ್ಕಲ್ಲ. ಲಘುಕೌಮುದಿಯ ಮೊಟ್ಟಮೊದಲ ಸೂತ್ರವನ್ನೇ ನೋಡಿ: ‘ಹಲಂತ್ಯಮ್’ (1.3.3). ಇದ್ದಂತೆ ಓದಿದರೆ ‘ಕೊನೆಯ ವ್ಯಂಜನ’ ಎಂದಷ್ಟೇ ಆಯಿತು. ಕೊನೆಯ ವ್ಯಂಜನಕ್ಕೆ ಏನು? ಅಷ್ಟಾಧ್ಯಾಯಿಯಲ್ಲಿ ಇದರ ಹಿಂದಿನ ಸೂತ್ರ ‘ಉಪದೇಶೇಽಜನುನಾಸಿಕ ಇತ್’ (1.3.2). ಅದರಿಂದ ‘ಉಪದೇಶೇ’, ‘ಇತ್’ ಎಂಬ ಎರಡು ಪದಗಳು ಇಳಿದು ಬರುತ್ತವೆ. ಹೀಗೆ ಇಳಿಯುವುದಕ್ಕೇ ಅನುವೃತ್ತಿ ಎನ್ನುತ್ತಾರೆ. ಆಗ ‘ಉಪದೇಶದಲ್ಲಿ ಕೊನೆಗಿರುವ ವ್ಯಂಜನಕ್ಕೆ ಇತ್ ಎಂಬ ಸಂಜ್ಞೆ’ ಎಂದು ವಾಕ್ಯ ತುಂಬಿಕೊಳ್ಳುತ್ತದೆ. ಉಪದೇಶ ಎಂದರೆ ಶಾಸ್ತ್ರದಲ್ಲಿ ಮೊದಲು ಹೇಳಿದ ಮೂಲರೂಪ, ಇತ್ ಎಂದರೆ ಗುರುತಿಗಾಗಿ ಇಟ್ಟು ಆಮೇಲೆ ಲೋಪವಾಗುವ ಅಕ್ಷರ. ಈ 1.3.2 ಲಘುಕೌಮುದಿಯಲ್ಲಿ ಬರುವುದು ಅಚ್ಸಂಧಿಯ (ಸ್ವರಸಂಧಿಯ) ನಡುವೆ, ‘ಆದ್ಗುಣಃ’ ಆದ ಮೇಲೆ. ಸೂತ್ರಪಾಠ ಬಾಯಿಗೆ ಬಂದವರಿಗೆ ವೃತ್ತಿಯ (ಸೂತ್ರದ ವಿವರಣೆಯ) ವಾಕ್ಯ ತಾನಾಗಿ ಹೊಳೆಯುತ್ತದೆ. ಬಾರದವರು ಸೂತ್ರವನ್ನೂ ವೃತ್ತಿಯನ್ನೂ ಬೇರೆ ಬೇರೆ ಉರುಹೊಡೆಯಬೇಕಾಗುತ್ತದೆ. ಶ್ರಮ ಎರಡು ಪಟ್ಟು, ಮರೆವು ಮೂರು ಪಟ್ಟು.

ದಿನಕ್ಕೆ 10 ಸೂತ್ರದಂತೆ ಹೋದರೆ ಇಡೀ ಪಾಠಕ್ಕೆ ಸುಮಾರು 400 ದಿನ ಬೇಕು. ಅಷ್ಟು ಆಗದಿದ್ದರೆ ಮೊದಲ ಅಧ್ಯಾಯದ 351 ಸೂತ್ರಗಳನ್ನಾದರೂ ಕ್ರಮವಾಗಿ ಕಲಿಯಿರಿ. ಸಂಜ್ಞೆ (ಶಾಸ್ತ್ರದ ಹೆಸರು), ಪರಿಭಾಷೆ (ಸೂತ್ರವನ್ನು ಅರ್ಥೈಸುವ ನಿಯಮ) ಇವುಗಳ ಬಹುಪಾಲು ಅಲ್ಲೇ ಇದೆ. ಆಮೇಲೆ 6.1 ಮತ್ತು ಕೊನೆಯ ಮೂರು ಪಾದ. ಪಾಠ ಹೇಳುವಾಗ ಎರಡು ಸೂತ್ರಗಳ ನಡುವೆ ತಡೆದು ನಿಲ್ಲಿ. ಬೆಸೆದು ಹೇಳಿ ರೂಢಿಯಾದರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂದು ಆಮೇಲೆ ಗೊತ್ತಾಗುವುದಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಸೂತ್ರಕ್ಕೂ ಪದಚ್ಛೇದ, ಪ್ರತಿಪದದ ವಿಭಕ್ತಿ, ಅನುವೃತ್ತಿ, ಅಧಿಕಾರ (ಮುಂದಿನ ಹಲವು ಸೂತ್ರಗಳಿಗೆ ಅನ್ವಯಿಸುವ ಶೀರ್ಷಿಕೆ) ಇವಿಷ್ಟನ್ನು ಬರೆದು, ನಂತರವೇ ಅರ್ಥ ಬರೆಯಿರಿ. ಅರ್ಥವನ್ನು ಮೊದಲು ಬರೆದರೆ ಉಳಿದದ್ದನ್ನು ಬರೆಯುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಪ್ರಶ್ನೆ: ‘ಇಕೋ ಯಣಚಿ’ ಎಂಬ ಸೂತ್ರದಲ್ಲಿ ಕ್ರಿಯಾಪದವೇ ಇಲ್ಲ. ಮೂರು ಪದಗಳಿಂದ ಇಡೀ ಯಣ್ ಸಂಧಿ ಹೇಗೆ ಹೊರಡುತ್ತದೆ?

ಉತ್ತರ: ಕ್ರಿಯಾಪದದ ಕೆಲಸವನ್ನು ಇಲ್ಲಿ ವಿಭಕ್ತಿಗಳು ಮಾಡುತ್ತವೆ. ಸೂತ್ರ 6.1.77. ಪದಚ್ಛೇದ: ಇಕಃ, ಯಣ್, ಅಚಿ. ಕ್ರಮವಾಗಿ ಷಷ್ಠೀ, ಪ್ರಥಮಾ, ಸಪ್ತಮೀ. ಇಕ್, ಯಣ್, ಅಚ್ ಇವು ಪ್ರತ್ಯಾಹಾರಗಳು, ಅಂದರೆ ಅಕ್ಷರಗಳ ಗುಂಪಿಗೆ ಇಟ್ಟ ಚಿಕ್ಕ ಹೆಸರು.

ಪಾಣಿನಿ ಮೊದಲ ಅಧ್ಯಾಯದಲ್ಲೇ ಈ ವಿಭಕ್ತಿಗಳಿಗೆ ಶಾಸ್ತ್ರದೊಳಗಿನ ಅರ್ಥವನ್ನು ಕಟ್ಟಿಕೊಟ್ಟಿದ್ದಾರೆ. ‘ಷಷ್ಠೀ ಸ್ಥಾನೇಯೋಗಾ’ (1.1.49): ಬೇರೆ ಸಂಬಂಧ ಕಾಣದಿದ್ದರೆ ಷಷ್ಠಿಯಲ್ಲಿರುವುದರ ಸ್ಥಾನದಲ್ಲಿ ಆದೇಶ. ‘ತಸ್ಮಿನ್ನಿತಿ ನಿರ್ದಿಷ್ಟೇ ಪೂರ್ವಸ್ಯ’ (1.1.66): ಸಪ್ತಮಿಯಲ್ಲಿ ಹೇಳಿದ್ದು ಮುಂದೆ ಇರುವಾಗ, ನಡುವೆ ಬೇರೇನೂ ಇಲ್ಲದೆ ಅದರ ಹಿಂದಿರುವುದಕ್ಕೆ ಕಾರ್ಯ. ಪಂಚಮಿಯಾದರೆ ತಿರುಗುಮುರುಗು. ‘ತಸ್ಮಾದಿತ್ಯುತ್ತರಸ್ಯ’ (1.1.67) ಪ್ರಕಾರ ಅದರ ಮುಂದಿರುವುದಕ್ಕೆ. ಜತೆಗೆ 6.1.72ರಿಂದ ‘ಸಂಹಿತಾಯಾಮ್’ ಎಂಬ ಅಧಿಕಾರ ಬರುತ್ತದೆ. ಈಗ ಸೇರಿಸಿ: ಸಂಹಿತೆಯಲ್ಲಿ (ಅಕ್ಷರಗಳು ಒತ್ತೊತ್ತಾಗಿರುವಾಗ), ಸ್ವರ ಮುಂದಿರುವಾಗ, ಇ ಉ ಋ ಌ ಇವುಗಳ ಸ್ಥಾನದಲ್ಲಿ ಯ ವ ರ ಲ ಆಗುತ್ತವೆ. ಅತಿ+ಅಂತ ಅತ್ಯಂತ, ಮನು+ಅಂತರ ಮನ್ವಂತರ, ಪಿತೃ+ಆರ್ಜಿತ ಪಿತ್ರಾರ್ಜಿತ.

ಯಾವುದಕ್ಕೆ ಯಾವುದು? ‘ನಾಲ್ಕಕ್ಕೆ ನಾಲ್ಕು, ಕ್ರಮವಾಗಿ ಹೊಂದಿಸಿ’ ಎಂದು ತರಗತಿಗಳಲ್ಲಿ ಹೇಳುವುದುಂಟು. ಆದರೆ ಇಕ್ ನಾಲ್ಕೇ ಅಲ್ಲ. ಸವರ್ಣಗಳನ್ನು (ಹ್ರಸ್ವ, ದೀರ್ಘ ಮುಂತಾದ ಭೇದಗಳನ್ನು) ಸೇರಿಸಿದರೆ ಇಕಾರ 18 ಬಗೆ, ಉಕಾರ 18, ಋಕಾರ 18, ಌಕಾರ 12, ಒಟ್ಟು 66. ಎಣಿಕೆ ಸಮವಾಗುವುದಿಲ್ಲ. ಅದಕ್ಕೇ ಕೌಮುದಿಕಾರರು ಇಲ್ಲಿ ‘ಸ್ಥಾನೇಽಂತರತಮಃ’ (1.1.50) ಎಂಬ ಪರಿಭಾಷೆಯನ್ನು ಹಿಡಿಯುತ್ತಾರೆ, ಉಚ್ಚಾರಣೆಯಲ್ಲಿ ಅತಿ ಹತ್ತಿರದ್ದೇ ಬರಬೇಕು ಎಂದು. ಇ, ಯ ಎರಡೂ ತಾಲವ್ಯ. ಋ, ರ ಮೂರ್ಧನ್ಯ. ಌ, ಲ ದಂತ್ಯ. ಉಕಾರ ಓಷ್ಠ್ಯ, ವಕಾರ ದಂತೋಷ್ಠ್ಯ, ತುಟಿಯ ನಂಟು ಸಾಕು.

ತಪ್ಪಾಗುವುದು ಎರಡು ಕಡೆ. ಕವಿ+ಇಂದ್ರ ಎಂಬಲ್ಲಿ ಈ ಸೂತ್ರ ಹಚ್ಚಬಾರದು. ‘ಅಕಃ ಸವರ್ಣೇ ದೀರ್ಘಃ’ (6.1.101) ಅಪವಾದವಾಗಿ ತಡೆದು ಕವೀಂದ್ರ ಮಾಡುತ್ತದೆ. ಇನ್ನೊಂದನ್ನು ಬಲ್ಲವರೂ ಮರೆಯುತ್ತಾರೆ: ‘ಕವೀ ಅತ್ರ’ (ಇಬ್ಬರು ಕವಿಗಳು ಇಲ್ಲಿ) ಎಂಬಲ್ಲಿ ಸಂಧಿಯೇ ಇಲ್ಲ. ದ್ವಿವಚನದ ಈ, ಊ, ಏ ಕಾರಾಂತಗಳು ಪ್ರಗೃಹ್ಯ (1.1.11), ಪ್ರಗೃಹ್ಯಕ್ಕೆ ಸ್ವರ ಪರವಾದಾಗ ಪ್ರಕೃತಿಭಾವ, ಅಂದರೆ ಇದ್ದಂತೆಯೇ ಉಳಿಯುವುದು (6.1.125). ‘ಕವ್ಯತ್ರ’ ಎಂದು ಬರೆದರೆ ಕವಿಗಳಿಬ್ಬರೂ ಮಾಯವಾಗುತ್ತಾರೆ.

ಪ್ರಶ್ನೆ: ಮಾಹೇಶ್ವರ ಸೂತ್ರಗಳಲ್ಲಿ ಣಕಾರ ಎರಡು ಕಡೆ ಇತ್ ಆಗಿ ಬಂದಿದೆ, ಹಕಾರವೂ ಎರಡು ಸಲ ಬಂದಿದೆ. ಇಷ್ಟು ಮಿತವಾಗಿ ಬರೆದವರು ಹೀಗೇಕೆ ಮಾಡಿದರು?

ಉತ್ತರ: ಮಾಹೇಶ್ವರ ಸೂತ್ರಗಳೆಂದರೆ ವರ್ಣಗಳನ್ನು ಹದಿನಾಲ್ಕು ತುಂಡಾಗಿ ಹೇಳುವ ಸಾಲು. ಅದರ ಒಂದು ವರ್ಣದಿಂದ ಮುಂದಿನ ಒಂದು ಇತ್ ಅಕ್ಷರದವರೆಗಿನ ಗುಂಪೇ ಪ್ರತ್ಯಾಹಾರ. ಹಕಾರದ ಲೆಕ್ಕ ಸುಲಭ. ಅದು ಎರಡು ಗುಂಪುಗಳಲ್ಲೂ ಬೇಕು. ‘ಹಶಿ ಚ’ (6.1.114) ಎಂಬ ಸೂತ್ರದಿಂದ ‘ರಾಮೋ ಹಸತಿ’ ಆಗಬೇಕಾದರೆ ಹಶ್ ಪ್ರತ್ಯಾಹಾರದಲ್ಲಿ ಹ ಇರಬೇಕು, ಅದಕ್ಕೆ ಐದನೆಯ ಸೂತ್ರದ ಹಕಾರ (ಹಯವರಟ್). ‘ದುಹ್’ ಧಾತುವಿನಿಂದ ‘ಅಧುಕ್ಷತ್’ ಆಗಬೇಕಾದರೆ ಶಲ್ ಪ್ರತ್ಯಾಹಾರದಲ್ಲೂ ಹ ಇರಬೇಕು (3.1.45), ಅದಕ್ಕೆ ಹದಿನಾಲ್ಕನೆಯ ಸೂತ್ರ (ಹಲ್).

ಣಕಾರ ನಿಜವಾಗಿ ಸಂದೇಹ ಹುಟ್ಟಿಸುತ್ತದೆ. ಅಣ್ ಎಂದರೆ ಮೊದಲ ಸೂತ್ರದ ಣಕಾರದವರೆಗೋ (ಅ ಇ ಉ), ಆರನೆಯ ಸೂತ್ರದ ಣಕಾರದವರೆಗೋ? ಸಂಪ್ರದಾಯದ ತೀರ್ಮಾನ: ಅಣ್ ಎಲ್ಲ ಕಡೆ ಮೊದಲಿನದರವರೆಗೆ, ‘ಅಣುದಿತ್ ಸವರ್ಣಸ್ಯ ಚಾಪ್ರತ್ಯಯಃ’ (1.1.69) ಒಂದರಲ್ಲಿ ಮಾತ್ರ ಎರಡನೆಯದರವರೆಗೆ. ಇಣ್ ಎಲ್ಲ ಕಡೆ ಎರಡನೆಯದರವರೆಗೆ. ಇದು ಬರೀ ಹೇಳಿಕೆಯಲ್ಲ, ಪರೀಕ್ಷಿಸಿ ನೋಡಬಹುದು. ‘ಇಣ್ಕೋಃ’ (8.3.57) ಎಂಬ ಅಧಿಕಾರದಲ್ಲಿ ಇಣ್ ಮತ್ತು ಕವರ್ಗದ ಮುಂದಿನ ಸಕಾರಕ್ಕೆ ಷಕಾರ ಬರುತ್ತದೆ. ಇಣ್ ಎಂದರೆ ಇ, ಉ ಎರಡೇ ಆಗಿದ್ದರೆ ಹರಿಷು, ಗುರುಷು ಸರಿಹೋಗುತ್ತಿದ್ದವು. ಆದರೆ ರಾಮೇಷು, ಪಿತೃಷು ಎಂಬಲ್ಲಿ ಷಕಾರಕ್ಕೆ ದಾರಿ ಇರುತ್ತಿರಲಿಲ್ಲ. ಲತಾಸು ಎಂಬಲ್ಲಿ ಸಕಾರ ಉಳಿದಿರುವುದು ಆಕಾರ ಇಣ್‌ನಲ್ಲಿ ಇಲ್ಲದ್ದರಿಂದ. ಇಂಥ ಕಡೆಗಳಿಗಾಗಿಯೇ ಪತಂಜಲಿ ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಮಹಾಭಾಷ್ಯದಲ್ಲಿ ಹೇಳಿದ್ದು: ವ್ಯಾಖ್ಯಾನದಿಂದ ವಿಶೇಷ ತಿಳಿಯಬೇಕು, ಸಂದೇಹ ಬಂತೆಂದು ಲಕ್ಷಣ (ಸೂತ್ರ) ಲಕ್ಷಣವಲ್ಲದೆ ಹೋಗುವುದಿಲ್ಲ.

ಪ್ರಶ್ನೆ: ಧಾತುಪಾಠದಲ್ಲಿ ‘ಡುಕೃಞ್’ ಎಂದಿದೆ. ಕೊನೆಗೆ ಉಳಿಯುವುದು ‘ಕೃ’ ಮಾತ್ರ. ಅಳಿಸುವುದಕ್ಕಾಗಿಯೇ ಅಕ್ಷರ ಸೇರಿಸುವುದೇಕೆ?

ಉತ್ತರ: ಆ ಅಕ್ಷರಗಳು ಅಳಿಯುವ ಮೊದಲು ಆಜ್ಞೆ ಕೊಟ್ಟು ಹೋಗುತ್ತವೆ. ಅವುಗಳಿಗೆ ಅನುಬಂಧ ಅಥವಾ ಇತ್ ಎನ್ನುತ್ತಾರೆ. ‘ಡು’ ಇತ್ ಆಗುವುದು 1.3.5ರಿಂದ, ‘ಞ್’ 1.3.3ರಿಂದ, ಎರಡರ ಲೋಪ 1.3.9ರಿಂದ. ಞ್ ಇರುವುದರಿಂದ ಈ ಧಾತು ಉಭಯಪದಿ (1.3.72): ಕರೋತಿ, ಕುರುತೇ ಎರಡೂ ಉಂಟು. ‘ಡು’ ಇರುವುದರಿಂದ ‘ಡ್ವಿತಃ ಕ್ತ್ರಿಃ’ (3.3.88) ಎಂಬ ಸೂತ್ರದ ಕ್ತ್ರಿ ಪ್ರತ್ಯಯ ದೊರೆಯುತ್ತದೆ. ಅದರ ಮೇಲೆ 4.4.20ರಿಂದ ಮಪ್ ಸೇರಿ ಕನ್ನಡದಲ್ಲೂ ದಿನಬಳಕೆಯಲ್ಲಿರುವ ‘ಕೃತ್ರಿಮ’ ಆಗುತ್ತದೆ. ‘ಟುವೇಪೃ’ ಧಾತುವಿನ ‘ಟು’ ಹೀಗೆಯೇ ಅಥುಚ್ ಪ್ರತ್ಯಯ ತಂದು (3.3.89) ‘ವೇಪಥು’ ಕೊಡುತ್ತದೆ.

ಪ್ರತ್ಯಯಗಳ ಅನುಬಂಧ ಇನ್ನೂ ಸೊಗಸು. ಕನ್ನಡಿಗರಿಗೆಲ್ಲ ಗೊತ್ತಿರುವ ಶಬ್ದಗಳನ್ನೇ ತೆಗೆದುಕೊಳ್ಳೋಣ: ಕೃತ, ಕರ್ತವ್ಯ, ಕರಣ, ಕಾರಕ, ಕಾರ್ಯ. ಒಂದೇ ಕೃ ಧಾತು ಮೂರು ರೂಪದಲ್ಲಿದೆ, ಕೃ, ಕರ್, ಕಾರ್. ಯಾವುದು ಎಲ್ಲಿ ಎಂಬುದನ್ನು ತೀರ್ಮಾನಿಸುವವು ಅಳಿದುಹೋದ ಅಕ್ಷರಗಳೇ.

ಸಾಮಾನ್ಯ ನಿಯಮ ಗುಣ (7.3.84), ಅಂದರೆ ಇ, ಉ, ಋ ಇವುಗಳಿಗೆ ಏ, ಓ, ಅರ್ ಬರುವುದು. ತವ್ಯತ್ ಪ್ರತ್ಯಯದಲ್ಲಿ ತಡೆ ಇಲ್ಲ, ಹಾಗಾಗಿ ಋಕಾರಕ್ಕೆ ಗುಣ ಅಕಾರ, ‘ಉರಣ್ ರಪರಃ’ (1.1.51) ಎಂದು ರೇಫ ಜತೆಗೆ ಬಂದು ಕರ್: ಕರ್ತವ್ಯ. ಲ್ಯುಟ್‌ನಲ್ಲಿ ಲ್, ಟ್ ಹೋಗಿ ‘ಯು’ ಉಳಿಯುತ್ತದೆ, ‘ಯುವೋರನಾಕೌ’ (7.1.1) ಅದನ್ನು ‘ಅನ’ ಮಾಡುತ್ತದೆ, ನಕಾರ ಣಕಾರವಾಗಿ ಕರಣ. ಕ್ತ ಪ್ರತ್ಯಯದಲ್ಲಿ ಕಕಾರ ಇತ್, ‘ಕ್ಙಿತಿ ಚ’ (1.1.5) ಗುಣವನ್ನು ತಡೆಯುತ್ತದೆ: ಕೃತ. ಕೃತ್ರಿಮದಲ್ಲೂ ಗುಣವಿಲ್ಲದಿರುವುದು ಕ್ತ್ರಿಯ ಕಕಾರದಿಂದಲೇ. ಣ್ವುಲ್, ಣ್ಯತ್ ಪ್ರತ್ಯಯಗಳಲ್ಲಿ ಣಕಾರ ಇತ್, ‘ಅಚೋ ಞ್ಣಿತಿ’ (7.2.115) ವೃದ್ಧಿ (ಇಲ್ಲಿ ಆರ್) ತರುತ್ತದೆ: ಕಾರಕ, ಕಾರ್ಯ. ಕಾರಕದ ‘ಅಕ’ ಎಂಬುದು ಣ್ವುಲ್‌ನಲ್ಲಿ ಉಳಿದ ‘ವು’ವಿನ ಆದೇಶ.

ಅನುಬಂಧ ತೆಗೆಯುವಾಗ ಹೊಸಬರು ಎಡವುವುದು ಪ್ರಥಮಾ ಬಹುವಚನದ ‘ಜಸ್’ನಂಥ ಕಡೆ. ಜಕಾರ ‘ಚುಟೂ’ (1.3.7) ಪ್ರಕಾರ ಇತ್, ಸರಿ. ಸಕಾರವನ್ನೂ ‘ಹಲಂತ್ಯಮ್’ ಹಚ್ಚಿ ಅಳಿಸಿದರೆ ‘ರಾಮಾಃ’ ಎಂಬಲ್ಲಿ ವಿಸರ್ಗ ಎಲ್ಲಿಂದ ಬರಬೇಕು? ‘ನ ವಿಭಕ್ತೌ ತುಸ್ಮಾಃ’ (1.3.4) ವಿಭಕ್ತಿಪ್ರತ್ಯಯದ ಕೊನೆಯ ತವರ್ಗ, ಸ, ಮ ಇವುಗಳಿಗೆ ಇತ್ ಸಂಜ್ಞೆಯನ್ನು ನಿಷೇಧಿಸುತ್ತದೆ. ಅದು 1.3.3ರ ಬೆನ್ನಿಗೇ ಇದೆ. ಕ್ರಮದಲ್ಲಿ ಓದಿದವರಿಗೆ ಈ ತಪ್ಪು ಆಗುವುದೇ ಇಲ್ಲ.

ಪ್ರಶ್ನೆ: ಅಷ್ಟಾಧ್ಯಾಯಿಯಲ್ಲಿ ಒಟ್ಟು ಎಷ್ಟು ಸೂತ್ರ? ಒಂದೊಂದು ಪುಸ್ತಕದಲ್ಲಿ ಒಂದೊಂದು ಲೆಕ್ಕ ಇದೆ.

ಉತ್ತರ: ಪರಂಪರೆಯ ಒಂದು ಶ್ಲೋಕ 3,996 ಎನ್ನುತ್ತದೆ. 3,959, 3,983 ಎಂಬ ಎಣಿಕೆಗಳೂ ಮುದ್ರಣದಲ್ಲಿವೆ. ಕೆಲವರು ಹದಿನಾಲ್ಕು ಮಾಹೇಶ್ವರ ಸೂತ್ರಗಳನ್ನು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಒಂದು ಸೂತ್ರವನ್ನು ಎರಡಾಗಿ ಒಡೆಯುವ ಯೋಗವಿಭಾಗದಿಂದ ಸಂಖ್ಯೆ ಏರುತ್ತದೆ. ಏಳನೆಯ ಶತಮಾನದ ವ್ಯಾಖ್ಯಾನವಾದ ಕಾಶಿಕಾವೃತ್ತಿಯ ಪಾಠದಲ್ಲಿ ಕಾತ್ಯಾಯನರ ಕೆಲವು ವಾರ್ತಿಕಗಳೂ (ಸೂತ್ರಗಳಿಗೆ ಪೂರಕವಾದ ಮಾತುಗಳು) ಸೂತ್ರಗಳಾಗಿ ಸೇರಿಹೋಗಿವೆ. ಒಂದು ಆವೃತ್ತಿ ಹಿಡಿದು ಕೊನೆಯವರೆಗೂ ಅದರ ಅಂಕಿಯನ್ನೇ ಬಳಸಿ, ಸಾಕು.

ಪ್ರಶ್ನೆ: ‘ರಾಮಃ ಇವ’ ಎಂಬುದು ‘ರಾಮ ಇವ’ ಆಗುತ್ತದೆ. ಈಗ ಅಕಾರದ ಮುಂದೆ ಇಕಾರ ಬಂತಲ್ಲ, ಗುಣಸಂಧಿಯಾಗಿ ‘ರಾಮೇವ’ ಏಕೆ ಆಗಬಾರದು?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಅಷ್ಟಾಧ್ಯಾಯಿಯ ಕಟ್ಟಡದ ಅತಿ ದೊಡ್ಡ ಗೋಡೆ ಇರುವುದು ಇಲ್ಲೇ.

ಮೊದಲು ಹೆಜ್ಜೆಗಳು. ರಾಮಸ್+ಇವ. ‘ಸಸಜುಷೋ ರುಃ’ (8.2.66) ಪದಾಂತದ ಸಕಾರವನ್ನು ರು ಮಾಡುತ್ತದೆ. 8.3.17 ಆ ರು ಸ್ಥಾನದಲ್ಲಿ ಯಕಾರ ತರುತ್ತದೆ: ರಾಮಯ್ ಇವ. ‘ಲೋಪಃ ಶಾಕಲ್ಯಸ್ಯ’ (8.3.19) ಯಕಾರವನ್ನು ಲೋಪ ಮಾಡುತ್ತದೆ: ರಾಮ ಇವ. ಈಗ ‘ಆದ್ಗುಣಃ’ (6.1.87) ಎದ್ದು ನಿಂತು ಏಕಾರ ಮಾಡಬೇಕಿತ್ತು.

ತಡೆಯುವುದು 8.2.1, ‘ಪೂರ್ವತ್ರಾಸಿದ್ಧಮ್’. ಎಂಟನೆಯ ಅಧ್ಯಾಯದ ಕೊನೆಯ ಮೂರು ಪಾದಗಳು, ಅಂದರೆ 295 ಸೂತ್ರಗಳ ತ್ರಿಪಾದಿ, ತಮಗಿಂತ ಹಿಂದಿನ ಏಳೂಕಾಲು ಅಧ್ಯಾಯಗಳ ದೃಷ್ಟಿಗೆ ಅಸಿದ್ಧ. ಅಲ್ಲಿ ಆದದ್ದು ಇಲ್ಲಿನವರಿಗೆ ಕಾಣಿಸುವುದಿಲ್ಲ. 6.1.87 ನೋಡಿದಾಗ ಯಕಾರ ಲೋಪವಾದದ್ದು ಅದಕ್ಕೆ ಗೊತ್ತೇ ಇಲ್ಲ. ಅಕಾರ, ಇಕಾರಗಳ ನಡುವೆ ಇನ್ನೂ ವ್ಯಂಜನವಿದೆ ಎಂದೇ ಅದರ ಎಣಿಕೆ. ತ್ರಿಪಾದಿಯ ಒಳಗೂ ಇದೇ ನ್ಯಾಯ: ಹಿಂದಿನ ಸೂತ್ರಕ್ಕೆ ಮುಂದಿನದು ಅಸಿದ್ಧ.

ಪ್ರಮಾಣ ಬೇಕೇ? ಇದಕ್ಕೆ ಎದುರಾದ ಉದಾಹರಣೆ ನೋಡಿ. ‘ಸೈಷ ದಾಶರಥೀ ರಾಮಃ’ ಎಂಬಲ್ಲಿ ‘ಸಃ ಏಷಃ’ ಸೇರಿ ‘ಸೈಷ’ ಆಗಿದೆ. ಇಲ್ಲಿಯೂ ಲೋಪ ಆದ ಮೇಲೆ ಎರಡು ಸ್ವರ ಎದುರಾಗಿವೆ, ಆದರೆ ಸಂಧಿಯಾಗಿದೆ. ಏಕೆಂದರೆ ಇಲ್ಲಿನ ಲೋಪ ‘ಸೋಽಚಿ ಲೋಪೇ ಚೇತ್ ಪಾದಪೂರಣಮ್’ (6.1.134) ಎಂಬ ಸೂತ್ರದ್ದು, ಶ್ಲೋಕಪಾದ ತುಂಬುವುದಕ್ಕಾಗಿ ಹೇಳಿದ್ದು. ಅದು ತ್ರಿಪಾದಿಯಲ್ಲಿಲ್ಲ, ಹಾಗಾಗಿ ‘ವೃದ್ಧಿರೇಚಿ’ (6.1.88) ಅದನ್ನು ಕಂಡು ಐಕಾರ ಮಾಡುತ್ತದೆ. ಲೋಪ ಎರಡೂ ಕಡೆ ಒಂದೇ ತರಹ, ಫಲ ಬೇರೆ. ಬೇರೆ ಮಾಡಿದ್ದು ಸೂತ್ರ ಕುಳಿತಿರುವ ಜಾಗ.

‘ರಾಮೋಽತ್ರ’ ಎಂಬ ರೂಪವನ್ನು ಇದೇ ಕಣ್ಣಿಂದ ನೋಡಿದರೆ ಒಂದು ಆಕ್ಷೇಪ ಬರುತ್ತದೆ. ಅಲ್ಲಿ 6.1.113 ರು ಸ್ಥಾನದಲ್ಲಿ ಉಕಾರ ತರುತ್ತದೆ, ಆದರೆ ರು ಹುಟ್ಟುವುದು 8.2.66ರಲ್ಲಿ, ಅದು ಅಸಿದ್ಧವಲ್ಲವೇ? ನಿಜ. ಆದರೆ ಉಕಾರ ವಿಧಿಸಬೇಕಾದ ರು ಬೇರೆಲ್ಲಿಂದಲೂ ಬರುವುದಿಲ್ಲ. ಅಸಿದ್ಧವೆಂದರೆ 6.1.113 ಬರೆದದ್ದೇ ವ್ಯರ್ಥ. ವ್ಯರ್ಥವಾಗಬಾರದೆಂಬ ಬಲದಿಂದಲೇ ಅಲ್ಲಿ ರು ಸಿದ್ಧವೆಂದು ಒಪ್ಪುತ್ತಾರೆ.

ಪ್ರಶ್ನೆ: ‘ವಾಙ್ಮಯ’ ಸರಿ, ‘ವಾಗ್ಮಯ’ ತಪ್ಪು ಎನ್ನುತ್ತಾರೆ. ಹಾಗಾದರೆ ‘ವಾಗ್ಮಿ’ ಹೇಗೆ ಸರಿ? ಅದೂ ‘ವಾಙ್ಮಿ’ ಆಗಬೇಕಿತ್ತಲ್ಲವೇ?

ಉತ್ತರ: ವಾಗ್ಮಿಯ ಗಕಾರ ವಾಚ್ ಶಬ್ದದ್ದಷ್ಟೇ ಅಲ್ಲ, ಪ್ರತ್ಯಯದಲ್ಲೂ ಒಂದು ಗಕಾರ ಇದೆ. ‘ವಾಚೋ ಗ್ಮಿನಿಃ’ (5.2.124). ಅಂದರೆ ವಾಚ್+ಗ್ಮಿನ್. ವಾಚ್‌ನ ಮುಂದೆ ಅನುನಾಸಿಕ ಇಲ್ಲವೇ ಇಲ್ಲ, ಇರುವುದು ಗಕಾರ. ಕಟ್ಟುನಿಟ್ಟಾಗಿ ಬರೆದರೆ ಎರಡು ಗಕಾರದ ‘ವಾಗ್ಗ್ಮೀ’. ಬರಹದಲ್ಲಿ ಒಂದು ಬಿದ್ದುಹೋಗಿದೆ.

ವಾಙ್ಮಯದಲ್ಲಿ ಮುಂದಿರುವುದು ಮಯಟ್ ಪ್ರತ್ಯಯ. ‘ಯರೋಽನುನಾಸಿಕೇಽನುನಾಸಿಕೋ ವಾ’ (8.4.45) ಅನುನಾಸಿಕವನ್ನು ವಿಕಲ್ಪವಾಗಿ ಹೇಳುತ್ತದೆ, ಅದಕ್ಕೇ ಷಣ್ಮುಖ, ಷಡ್ಮುಖ ಎರಡೂ ಶುದ್ಧ. ಆದರೆ ಮುಂದಿರುವ ಅನುನಾಸಿಕ ಪ್ರತ್ಯಯದ್ದಾದರೆ ಭಾಷೆಯಲ್ಲಿ ನಿತ್ಯ (ಕಡ್ಡಾಯ) ಎಂದು ವಾರ್ತಿಕ ಇದೆ. ಹಾಗಾಗಿ ವಾಙ್ಮಯ, ಚಿನ್ಮಯ ಮಾತ್ರ.

ಇದೇ ಸಂದರ್ಭದಲ್ಲಿ ಶಾಲಾ ಪಾಠದ ಜಶ್ತ್ವದ ಬಗ್ಗೆ ಒಂದು ಮಾತು. ‘ವಾಕ್+ಈಶ’ ಎಂದು ಬಿಡಿಸಿ ಕ ಹೋಗಿ ಗ ಬಂತು ಎನ್ನುವುದು ಅನುಕೂಲಕ್ಕೆ ಸರಿ. ಪ್ರಕ್ರಿಯೆಯಲ್ಲಿ ಮೂಲ ವಾಚ್. ‘ಚೋಃ ಕುಃ’ (8.2.30) ಚಕಾರವನ್ನು ಕಕಾರ ಮಾಡಿ, ‘ಝಲಾಂ ಜಶೋಽಂತೇ’ (8.2.39) ಅದನ್ನು ಗಕಾರ ಮಾಡುತ್ತದೆ. ಹಾಗಿದ್ದರೆ ‘ಅಜಂತ’ (ಅಚ್+ಅಂತ) ಏಕೆ ‘ಅಗಂತ’ ಆಗಲಿಲ್ಲ? ಮಹಾಭಾಷ್ಯ ಮೊದಲ ಸೂತ್ರವಾದ ‘ವೃದ್ಧಿರಾದೈಚ್’ ಎಂಬಲ್ಲೇ ಈ ಆಕ್ಷೇಪ ಎತ್ತುತ್ತದೆ, ಐಚ್‌ನ ಚಕಾರಕ್ಕೆ ಕುತ್ವ (ಕಕಾರವಾಗುವುದು) ಏಕಿಲ್ಲ ಎಂದು. ಸೂತ್ರಗಳು ಛಂದಸ್ಸಿನಂತೆ (ವೇದದಂತೆ), ಅಲ್ಲಿ ಪದಸಂಜ್ಞೆಯನ್ನು ತಡೆಯುವ ಭಸಂಜ್ಞೆಯಿಂದ ಕುತ್ವ ತಪ್ಪುತ್ತದೆ ಎಂದು ಅದರ ಸಮಾಧಾನ.

ಕನ್ನಡದ ಆದೇಶಸಂಧಿಯನ್ನು ಇದರೊಂದಿಗೆ ಬೆರೆಸಬೇಡಿ. ಮಳೆಗಾಲ, ಬೆಟ್ಟದಾವರೆ, ಕಂಬನಿ ಇವುಗಳಲ್ಲಿ ಗ, ದ, ಬ ಬಂದಿರುವುದು ಉತ್ತರಪದದ ಮೊದಲಲ್ಲಿ. ಜಶ್ತ್ವ ಪೂರ್ವಪದದ ಕೊನೆಯಲ್ಲಿ.

ಪ್ರಶ್ನೆ: ಪಾಣಿನಿಯ 2,500 ವರ್ಷಗಳ ಒಗಟನ್ನು ಕೇಂಬ್ರಿಡ್ಜ್‌ನಲ್ಲಿ ಬಿಡಿಸಿದರು ಎಂದು 2022ರಲ್ಲಿ ಸುದ್ದಿ ಬಂತು. ಅಷ್ಟು ದಿನ ವ್ಯಾಕರಣ ತಪ್ಪಾಗಿ ನಡೆದಿತ್ತೇ?

ಉತ್ತರ: ಇಲ್ಲ. ರೂಪಗಳು ಎಂದೂ ತಪ್ಪಾಗಿರಲಿಲ್ಲ. ಚರ್ಚೆ ಇರುವುದು ಅವುಗಳನ್ನು ತಲುಪುವ ದಾರಿಯ ಬಗ್ಗೆ.

ಸೂತ್ರ ‘ವಿಪ್ರತಿಷೇಧೇ ಪರಂ ಕಾರ್ಯಮ್’ (1.4.2). ಸಮಬಲದ ಎರಡು ಸೂತ್ರ ಏಕಕಾಲಕ್ಕೆ ಬಂದರೆ ‘ಪರ’ವಾದದ್ದು ಗೆಲ್ಲುತ್ತದೆ. ಪರ ಎಂದರೆ ಅಷ್ಟಾಧ್ಯಾಯಿಯ ಕ್ರಮದಲ್ಲಿ ಮುಂದಿನದು ಎಂದು ಸಂಪ್ರದಾಯ. ವೃಕ್ಷ+ಭ್ಯಸ್ ಎಂಬಲ್ಲಿ ‘ಸುಪಿ ಚ’ (7.3.102) ದೀರ್ಘ ಮಾಡಲು ಬರುತ್ತದೆ, ‘ಬಹುವಚನೇ ಝಲ್ಯೇತ್’ (7.3.103) ಏಕಾರ ಮಾಡಲು ಬರುತ್ತದೆ. ಮುಂದಿನದು ಗೆದ್ದು ವೃಕ್ಷೇಭ್ಯಃ. ಆದರೆ ದೇವ+ಭಿಸ್ ಎಂಬಲ್ಲಿ 7.3.103 ಏಕಾರಕ್ಕೆ ಬರುತ್ತದೆ, ‘ಅತೋ ಭಿಸ ಐಸ್’ (7.1.9) ಐಸ್ ಆದೇಶಕ್ಕೆ ಬರುತ್ತದೆ. ಕ್ರಮ ನೋಡಿದರೆ 7.3.103 ಗೆದ್ದು ‘ದೇವೇಭಿಃ’ ಆಗಬೇಕು, ಬೇಕಾದದ್ದು ‘ದೇವೈಃ’. ಸಂಪ್ರದಾಯ ಇಲ್ಲಿ ಐಸ್ ನಿತ್ಯ ಎನ್ನುತ್ತದೆ: ಏಕಾರವಾದರೂ ಆಗದಿದ್ದರೂ ಐಸ್ ಬಂದೇ ಬರುತ್ತದೆ, ಐಸ್ ಆದ ಮೇಲೆ ಏಕಾರಕ್ಕೆ ಅವಕಾಶವಿಲ್ಲ. ನಿತ್ಯ ಪರಕ್ಕಿಂತ ಬಲಿಷ್ಠ. ಪರ, ನಿತ್ಯ, ಅಂತರಂಗ (ಒಳಗಿನ ನಿಮಿತ್ತದಿಂದ ಆಗುವುದು), ಅಪವಾದ, ಹೀಗೆ ಒಂದಕ್ಕಿಂತ ಒಂದು ಬಲವಾದ ಸಾಲು ಪರಿಭಾಷೆಗಳಲ್ಲಿದೆ.

ಋಷಿ ರಾಜ್‌ಪೋಪಟ್ ಅವರ ಆ ಕೇಂಬ್ರಿಡ್ಜ್ ಸಂಶೋಧನ ಪ್ರಬಂಧ ಹೇಳುವುದು: ಎರಡು ಸೂತ್ರಗಳು ಬೇರೆ ಬೇರೆ ಅಂಶಕ್ಕೆ ಹತ್ತುವಾಗ ‘ಪರ’ ಎಂದರೆ ಬಲಗಡೆಯ ಅಂಶಕ್ಕೆ ಆಗುವ ಕಾರ್ಯ. ಏಕಾರ ಎಡಗಡೆಯ ದೇವ ಶಬ್ದಕ್ಕೆ, ಐಸ್ ಬಲಗಡೆಯ ಭಿಸ್‌ಗೆ. ಬಲಗಡೆಯದು ಗೆದ್ದು ನೇರವಾಗಿ ದೇವೈಃ. ಎರಡೂ ಸೂತ್ರ ಒಂದೇ ಅಂಶಕ್ಕೆ ಹತ್ತಿದರೆ ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲಬೇಕು.

ಸರಳತೆಯ ಆಕರ್ಷಣೆ ಇದರಲ್ಲಿದೆ, ಗಂಭೀರವಾಗಿ ಓದಬೇಕಾದ ವಾದ. ಆದರೆ ಎರಡು ತೊಡಕು ನಮಗೆ ಕಾಣುತ್ತವೆ. ಮೊದಲನೆಯದು, 1.4.2 ಕುಳಿತಿರುವುದು ‘ಆ ಕಡಾರಾದೇಕಾ ಸಂಜ್ಞಾ’ (1.4.1, ಒಂದಕ್ಕೆ ಒಂದೇ ಸಂಜ್ಞೆ) ಎಂಬ ಅಧಿಕಾರದ ಬೆನ್ನಿಗೆ. ಅದರ ವ್ಯಾಪ್ತಿ ಆ ಪ್ರಕರಣಕ್ಕಷ್ಟೇ ಎನ್ನುವ ಆಧುನಿಕ ವಿದ್ವಾಂಸರೂ ಇದ್ದಾರೆ. ಎರಡನೆಯದು, ಆ ಪ್ರಕರಣದಲ್ಲಿ ‘ಧನುಷಾ ವಿಧ್ಯತಿ’ ಎಂಬಂಥ ಉದಾಹರಣೆಗಳು ಬರುತ್ತವೆ. ಬಾಣ ಬಿಲ್ಲಿನಿಂದ ಹೊರಡುವುದರಿಂದ ಬಿಲ್ಲು ಅಪಾದಾನ (1.4.24), ಹೊಡೆಯಲು ಸಾಧನವಾದ್ದರಿಂದ ಕರಣ (1.4.42). ಕ್ರಮದಲ್ಲಿ ಮುಂದಿನದಾದ ಕರಣ ಗೆಲ್ಲುತ್ತದೆ. ಎಡ, ಬಲ ಎಂಬ ಮಾತೇ ಇಲ್ಲದ ಕಡೆ ‘ಕ್ರಮದಲ್ಲಿ ಮುಂದಿನದು’ ಎಂಬ ಅರ್ಥವೇ ಸಹಜವಾಗಿ ಕೂಡುತ್ತದೆ. ‘ಪರ’ ಶಬ್ದಕ್ಕೆ ಬೇರೆ ಅರ್ಥ ಹುಡುಕುವುದೂ ಹೊಸದಲ್ಲ. ಪತಂಜಲಿಯೇ ಅದನ್ನು ‘ಇಷ್ಟ’ ಎಂಬ ಅರ್ಥದಲ್ಲಿ ತೆಗೆದುಕೊಂಡಿದ್ದುಂಟು.

ಪ್ರಶ್ನೆ: ‘ರಾಮೇಣ ರಾವಣೋ ಹತಃ’ ಎಂಬಲ್ಲಿ ಪ್ರಥಮೆಯಲ್ಲಿರುವುದು ರಾವಣ. ಹಾಗಾದರೆ ಕರ್ತೃ ಅವನೇ?

ಉತ್ತರ: ಅಲ್ಲ, ರಾಮನೇ. ಪ್ರಥಮಾ ಎಂದರೆ ಕರ್ತೃ ಎಂಬ ಶಾಲಾ ಪಟ್ಟಿಯಿಂದ ಈ ಗೊಂದಲ ಹುಟ್ಟುತ್ತದೆ. ಪಾಣಿನಿ ಕಾರಕವನ್ನೂ (ಕ್ರಿಯೆಯೊಂದಿಗಿನ ಸಂಬಂಧವನ್ನೂ) ವಿಭಕ್ತಿಯನ್ನೂ ಬೇರೆ ಬೇರೆ ಪಾದಗಳಲ್ಲಿ ಇಟ್ಟಿದ್ದಾರೆ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ (1.4.54), ವಿಭಕ್ತಿ ಯಾವುದೇ ಇರಲಿ. ವಿಭಕ್ತಿ ತೀರ್ಮಾನವಾಗುವುದು ‘ಅನಭಿಹಿತೇ’ (2.3.1) ಎಂಬ ಅಧಿಕಾರದ ಕೆಳಗೆ: ಕಾರಕ ಬೇರೆ ಪ್ರತ್ಯಯದಿಂದ ಹೇಳಲ್ಪಡದೆ ಉಳಿದಿದ್ದರೆ ಮಾತ್ರ ಅದಕ್ಕೆ ದ್ವಿತೀಯಾ, ತೃತೀಯಾ ಮುಂತಾದವು. ‘ಹತಃ’ ಎಂಬಲ್ಲಿ ಕ್ತ ಪ್ರತ್ಯಯ ಕರ್ಮವನ್ನು ಹೇಳಿಬಿಟ್ಟಿದೆ, ಹಾಗಾಗಿ ರಾವಣನಿಗೆ ಪ್ರಥಮಾ. ಕರ್ತೃ ಅನಭಿಹಿತ, ಹಾಗಾಗಿ 2.3.18ರಿಂದ ತೃತೀಯಾ. ‘ರಾಮೋ ರಾವಣಂ ಹಂತಿ’ ಎಂಬಲ್ಲಿ ತಿಪ್ (ಕ್ರಿಯಾಪದದ ‘ತಿ’ ಪ್ರತ್ಯಯ) ಕರ್ತೃವನ್ನು ಹೇಳುತ್ತದೆ, ಕರ್ಮ ಉಳಿಯುತ್ತದೆ. ‘ರಾಮಸ್ಯ ಗಮನಮ್’ ಎಂಬಲ್ಲಿ ಕರ್ತೃವಿಗೆ ಷಷ್ಠಿಯೂ ಉಂಟು (2.3.65).

ಪ್ರಶ್ನೆ: ಪಾಣಿನಿಯನ್ನು ಬಿಟ್ಟು ಬೇರೆ ಸಂಸ್ಕೃತ ವ್ಯಾಕರಣಗಳು ಇದ್ದವೇ? ಕರ್ನಾಟಕಕ್ಕೂ ಅವಕ್ಕೂ ಸಂಬಂಧ ಉಂಟೇ?

ಉತ್ತರ: ಕಾತಂತ್ರ, ಚಾಂದ್ರ, ಸಿದ್ಧಹೇಮ, ಸಾರಸ್ವತ ಹೀಗೆ ಹಲವು. ಕರ್ನಾಟಕಕ್ಕೆ ಹತ್ತಿರದವು ಎರಡು. ಪೂಜ್ಯಪಾದರೆಂದು ಹೆಸರಾದ ದೇವನಂದಿಯ ಜೈನೇಂದ್ರ ಒಂದು. ಒಂಬತ್ತನೆಯ ಶತಮಾನದ ಶಾಕಟಾಯನ (ಪಾಲ್ಯಕೀರ್ತಿ) ಬರೆದ ಶಬ್ದಾನುಶಾಸನ ಇನ್ನೊಂದು. ಅದಕ್ಕೆ ಅವರೇ ಬರೆದ ಟೀಕೆಯ ಹೆಸರು ಅಮೋಘವೃತ್ತಿ, ರಾಷ್ಟ್ರಕೂಟ ಅಮೋಘವರ್ಷನ ಹೆಸರಿನದು.

ಜೈನೇಂದ್ರದ ಮಿತವ್ಯಯ ಪಾಣಿನಿಗಿಂತಲೂ ಬಿಗಿ. ಗುಣಕ್ಕೆ ‘ಏಪ್’, ವೃದ್ಧಿಗೆ ‘ಐಪ್’. ವಿಭಕ್ತಿಗಳ ಹೆಸರಂತೂ ‘ವಿಭಕ್ತೀ’ ಶಬ್ದವನ್ನೇ ವರ್ಣವರ್ಣವಾಗಿ ಬಿಡಿಸಿ ಮಾಡಿದ್ದು. ವ್ಯಂಜನಕ್ಕೆ ಆಕಾರ, ಸ್ವರಕ್ಕೆ ಪಕಾರ ಸೇರಿಸಿದರೆ ಪ್ರಥಮೆಯಿಂದ ಸಪ್ತಮಿಯವರೆಗೆ ವಾ, ಇಪ್, ಭಾ, ಅಪ್, ಕಾ, ತಾ, ಈಪ್. ಚಿಕ್ಕದಾಯಿತು ನಿಜ, ಆದರೆ ಈ ಕೀಲಿ ಕಲಿಯದೆ ಒಂದು ಸೂತ್ರವೂ ತೆರೆಯುವುದಿಲ್ಲ. ಓದುವ ಮೊದಲು ಸಂಜ್ಞೆಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳಿ.

ಕನ್ನಡವನ್ನೇ ಸಂಸ್ಕೃತ ಸೂತ್ರಗಳಲ್ಲಿ ವಿವರಿಸಿದವರೂ ಇದ್ದಾರೆ. ನಾಗವರ್ಮನ ಕರ್ಣಾಟಕ ಭಾಷಾಭೂಷಣ ಮತ್ತು 1604ರಲ್ಲಿ ಭಟ್ಟಾಕಳಂಕ ಬರೆದ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನ ಈ ಬಗೆಯವು. 1260ರ ಸುಮಾರಿನ ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳು ಕನ್ನಡ ಕಂದಪದ್ಯಗಳಲ್ಲಿವೆ. ಸಂಸ್ಕೃತದ ಸಮಾಸಗಳ ಜತೆಗೆ ಅವನು ಕನ್ನಡಕ್ಕೇ ಬೇಕಾದ ಕ್ರಿಯಾಸಮಾಸ, ಗಮಕಸಮಾಸಗಳನ್ನೂ ಹೇಳಿದ್ದಾನೆ. ಪಾಣಿನೀಯ ಅಭ್ಯಾಸ ಒಂದಿಷ್ಟು ಆದ ಮೇಲೆ ಭಟ್ಟಾಕಳಂಕನನ್ನು ತೆರೆದರೆ ಸೂತ್ರ, ವೃತ್ತಿ, ಅನುವೃತ್ತಿಗಳ ಅದೇ ವಿನ್ಯಾಸ ನಮ್ಮ ಭಾಷೆಯ ಮೇಲೆ ಕೆಲಸ ಮಾಡುವುದನ್ನು ನೋಡಬಹುದು. ಅಲ್ಲಿಯೂ ಸೂತ್ರಕ್ರಮದಲ್ಲೇ ಓದಿ.